ಪೆಟಗಿಯ ಸುತ್ತ ಸುರಿದ ನೀರು

ಕುಷ್ಟಗಿಯ ಹೊರಗಿದ್ದ ಒಂದು ಬೀಜದ ಫಾರ್ಮಿನಲ್ಲಿ ನಮ್ಮಪ್ಪ ಇಪ್ಪತ್ತೆಂಟು ವರ್ಷ, ದಿನಕ್ಕೆ ಎರಡು ಸಲ, ಥರ್ಮಾಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆದಿಟ್ಟ. ಆ ರಿಜಿಸ್ಟರುಗಳನ್ನು ಲೆಕ್ಕದಿಂದ ಹೊರಗೆ ಹಾಕಿಸಿದವಳು ನಾನು, ಅವನ ಮಗಳು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೆನಪು ಬರೆಯುವವರು ಇಂಥ ಮಾತನ್ನು ಕೊನೆಯವರೆಗೆ ಬಚ್ಚಿಟ್ಟುಕೊಂಡು ನಡುವೆ ಅವ್ವನ ಸೀರೆ, ಅಜ್ಜಿಯ ಕೈರುಚಿ, ಮೊದಲ ಮಳೆಯ ಮಣ್ಣಿನ ವಾಸನೆ ತುಂಬುತ್ತಾರೆ. ನಾನೂ ತುಂಬಿದ್ದೆ. ಅದೂ ಕಾಗದದ ಮೇಲಲ್ಲ, ತಲೆಯೊಳಗೆ, ನಲವತ್ತು ವರ್ಷ.

ಯಾವ ಲೆಕ್ಕ ಎಂದು ಹೇಳಬೇಕು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎಷ್ಟು ಡಿಗ್ರಿ ಕಾಯುತ್ತದೆ? ಪ್ರಶ್ನೆ ಇಷ್ಟೇ. ಆ ಅನಿಲ ತಾನೊಂದೇ ಮಾಡುವ ಕೆಲಸ ಒಂದು ಡಿಗ್ರಿಗಿಂತ ತುಸು ಹೆಚ್ಚು, ಅದರಲ್ಲಿ ಜಗಳವಿಲ್ಲ. ಆದರೆ ಕಾದ ಗಾಳಿ ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ, ಆ ನೀರಾವಿಯೂ ಕಂಬಳಿಯ ಹಾಗೆ ಕಾವನ್ನು ತಡೆದಿಡುತ್ತದೆ. ಹಿಮ ಕರಗಿದ ಕಡೆ ಕಪ್ಪು ನೆಲ ಹೊರಬಿದ್ದು ಬಿಸಿಲು ಕುಡಿಯುತ್ತದೆ. ಮೋಡ ಏನು ಮಾಡುತ್ತದೆ ಎಂಬುದು ಪೂರ್ತಿ ಗೊತ್ತಿಲ್ಲ. ಇವೆಲ್ಲ ಕೂಡಿ ಉತ್ತರವನ್ನು ಮೂರು ಡಿಗ್ರಿಯ ಆಸುಪಾಸಿಗೆ ಒಯ್ಯುತ್ತವೆ. ಆಸುಪಾಸು ಅಂದರೆ ಎರಡೂವರೆಯೂ ಇರಬಹುದು, ನಾಲ್ಕೂ ಇರಬಹುದು. ಈ ಆಸುಪಾಸನ್ನು ಕಿರಿದು ಮಾಡಲು ಇರುವ ದಾರಿಗಳಲ್ಲಿ ಒಂದು, ಹಿಂದೆ ತಿರುಗಿ ನೋಡುವುದು. ಇಷ್ಟು ವರ್ಷದಲ್ಲಿ ಅನಿಲ ಎಷ್ಟು ಏರಿತು, ಕಾವು ಎಷ್ಟು ಏರಿತು, ಸಮುದ್ರ ಎಷ್ಟು ಕಾವನ್ನು ನುಂಗಿಕೊಂಡು ಕೂತಿದೆ, ಹೊಗೆ ಎಷ್ಟು ಬಿಸಿಲನ್ನು ತಡೆದು ನಿಜವಾದ ಏರಿಕೆಯನ್ನು ಮುಚ್ಚಿಟ್ಟಿದೆ. ‘ಕಾವು ಎಷ್ಟು ಏರಿತು’ ಎಂಬ ಎರಡನೇ ಬಾಬತ್ತಿಗೆ ಜಗತ್ತಿನ ಸಾವಿರಾರು ಕಡೆಯ ಬರಹ ಬೇಕು. ಯಾರೋ ದಿನಾ ಹೋಗಿ, ನೋಡಿ, ಬರೆದದ್ದು.

ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ದೂರದ ಊರಿನ ಸಂಶೋಧಕರ ಗುಂಪೊಂದು, ಯಾವ ಪಟ್ಟಿಯಲ್ಲೂ ಇಲ್ಲದ ಹಳೆಯ ತಾಪಮಾನದ ಪುಸ್ತಕಗಳನ್ನು ಹುಡುಕಿ ಕಂಪ್ಯೂಟರಿಗೆ ಏರಿಸುವ ಕೆಲಸ ಶುರು ಮಾಡಿದಾಗ ಈ ಜಿಲ್ಲೆ ನನ್ನ ಪಾಲಿಗೆ ಬಂತು. ಗುಂಪಿನ ಮುಖ್ಯಸ್ಥೆ ನನಗಿಂತ ಬಹಳ ಚಿಕ್ಕವಳು, ಫೋನಿನಲ್ಲಿ ಮಾತ್ರ ಪರಿಚಯ. ನಾನು ಆಕೆಗೆ ಮೇಡಂ ಎನ್ನುತ್ತಿದ್ದೆ, ಆಕೆ ನನಗೆ ಮೇಡಂ ಎನ್ನುತ್ತಿದ್ದಳು. ಯಲಬುರ್ಗಾ, ಗಂಗಾವತಿ, ಕೊಪ್ಪಳ ಎಂದು ಕಪಾಟು ತೆಗೆಸುತ್ತ ತಿರುಗಿದೆ. ಹೆಚ್ಚಿನವನ್ನು ಗೆದ್ದಲು ತಿಂದಿತ್ತು. ಒಂದು ಕಡೆ ಸಿಕ್ಕ ಪುಸ್ತಕದಲ್ಲಿ ಹದಿನೈದು ದಿನ ಸಾಲಾಗಿ ಒಂದೇ ಅಂಕಿ, ಒಂದೇ ಶಾಯಿ, ಕೂತ ಕಡೆ ಒಂದೇ ಸಲಕ್ಕೆ ತುಂಬಿದ್ದು. ಅದನ್ನು ಮನೆಗೆ ತಂದು ಅಪ್ಪನಿಗೆ ತೋರಿಸಿದೆ. ಅಪ್ಪ ನಮ್ಮ ಜೊತೆಗೇ ಇದ್ದಾನೆ, ಎಂಬತ್ತು ದಾಟಿದೆ. ಕನ್ನಡಕವನ್ನು ಹಣೆಗೆ ಏರಿಸಿ ಪುಟವನ್ನು ಮೂಗಿನ ಹತ್ತಿರ ಹಿಡಿದ.

“ಪುಣ್ಯವಂತರ ಊರಬೇ ಇದು,” ಅಂದ. “ಹದಿನೈದು ದಿನ ಬಿಸಲು ಒಂದ್ ಗೆರಿ ಆಕಡಿ ಈಕಡಿ ಸರದಿಲ್ಲ.”

ಅಪ್ಪನ ಪುಸ್ತಕ ಹಾಗಿರಲಿಲ್ಲ. ಫಾರ್ಮಿನ ಆಫೀಸಿನಲ್ಲಿದ್ದ ಮೂಲ ರಿಜಿಸ್ಟರುಗಳು ಯಾವುದೋ ಸ್ಥಳಾಂತರದಲ್ಲಿ ಹಾಳಾಗಿ ಹೋಗಿದ್ದವು. ಉಳಿದದ್ದು ಅಪ್ಪ ದಿನಾ ಸಂಜೆ ತನ್ನ ಕೈಯಾರೆ ಇಳಿಸಿಕೊಂಡ ನಕಲು, ವರ್ಷಕ್ಕೊಂದರಂತೆ ಇಪ್ಪತ್ತೆಂಟು ಪುಸ್ತಕ. ರವಿವಾರ ಬಿಟ್ಟಿಲ್ಲ, ಹುಣ್ಣಿಮೆ ಬಿಟ್ಟಿಲ್ಲ. ಫಾರ್ಮಿನ ಕ್ವಾಟರ್ಸಿನವರೆಲ್ಲ ಟ್ರ್ಯಾಕ್ಟರ್ ಹತ್ತಿ ಹುಲಿಗೆಮ್ಮನ ಗುಡಿಗೆ ಹೋದ ದಿನವೂ ಅಪ್ಪ ಹಿಂದೆ ಉಳಿದು ಬರೆದಿದ್ದಾನೆ. ಅವನ ನೌಕರಿಯಲ್ಲಿ ಆ ರಿಜಿಸ್ಟರನ್ನು ಯಾವ ಸಾಹೇಬರೂ ಒಂದು ದಿನ ಬಿಡಿಸಿ ನೋಡಲಿಲ್ಲ. ಒಬ್ಬ ಸಾಹೇಬರು ಅದರ ಮೇಲೆ ಚಹಾದ ಕಪ್ಪು ಇಡುತ್ತಿದ್ದರಂತೆ, ಅದನ್ನು ಅಪ್ಪ ಈಗಲೂ ಹೇಳುತ್ತಾನೆ. ಈಗ ಮೊದಲ ಸಲ ಯಾರೋ ಬೇಕು ಅನ್ನುತ್ತಿದ್ದರು. ತನ್ನ ಪುಸ್ತಕಗಳು ಆ ದೊಡ್ಡ ಲೆಕ್ಕಕ್ಕೆ ಸೇರಬೇಕು, ಅಪ್ಪನಿಗೆ ಉಳಿದ ಆಸೆ ಅದೊಂದೇ. ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವುದರೊಳಗೆ, ಎಷ್ಟನೇ ವರ್ಷಕ್ಕೆ ಬಂದಿ ಎಂದು ಕೇಳುತ್ತಿದ್ದ.

ಹನ್ನೆರಡನೇ ಪುಸ್ತಕಕ್ಕೆ ಬಂದಾಗ ತೊಡಕು ಕಂಡಿತು. ಹನ್ನೊಂದರ ಬೇಸಿಗೆಗೂ ಹನ್ನೆರಡರ ಬೇಸಿಗೆಗೂ ನಡುವೆ ಮಧ್ಯಾಹ್ನದ ಅಂಕಿಗಳು ಒಮ್ಮೆಲೇ ಮೇಲೆ ಹತ್ತಿದ್ದವು, ಹತ್ತಿದವು ಮತ್ತೆ ಇಳಿಯಲಿಲ್ಲ. ಇಂಗಾಲ ಹೀಗೆ ಕಾಯಿಸುವುದಿಲ್ಲ. ಅದು ಏರುಪೇರಿನ ನಡುವೆ, ದಶಕಗಳ ಮೇಲೆ, ಮೆಲ್ಲಗೆ ಕಾಣುವ ಸಂಗತಿ. ಒಂದೇ ವರ್ಷದಲ್ಲಿ ಮೆಟ್ಟಿಲು ಹತ್ತಿದ ಹಾಗೆ ಹತ್ತಿದರೆ ಯಾರೋ ಥರ್ಮಾಮೀಟರ್ ಬದಲಿಸಿದ್ದಾರೆ, ಗಿಡ ಕಡಿದಿದ್ದಾರೆ, ಜಾಗ ಸರಿಸಿದ್ದಾರೆ ಎಂದು ಅರ್ಥ. ಅಪ್ಪನನ್ನು ಕೇಳಿದೆ. ಏನೂ ಬದಲಾಗಿಲ್ಲ ಅಂದ. ಅದೇ ಗಾಜು, ಅದೇ ಜಾಗ.

ಆ ಜಾಗ ನನಗೆ ಗೊತ್ತು. ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಬಣ್ಣದ ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರ್. ಗಾಳಿ ಆಡಬೇಕು, ಬಿಸಿಲು ಒಳಗೆ ಬೀಳಬಾರದು ಎಂದು ಸುತ್ತ ಓರೆ ಪಟ್ಟಿ. ನಾವು ಪೆಟಗಿ ಅನ್ನುತ್ತಿದ್ದೆವು. ಕ್ವಾಟರ್ಸಿನ ಬಾಗಿಲಿಂದ ಕೂಗಿದರೆ ಕೇಳುವಷ್ಟು ದೂರ. ದಸರೆಯಲ್ಲಿ ಖಂಡೇಪೂಜೆಯ ದಿನ ಟ್ರ್ಯಾಕ್ಟರಿಗೆ, ಕುಂಟೆಗೆ, ತಕ್ಕಡಿಗೆ ಹಚ್ಚಿದ ಹಾಗೆ ಪೆಟಗಿಗೂ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದರು. ಅಪ್ಪ ಅದಕ್ಕಿಂತ ಮುಂದೆ ಹೋಗಿದ್ದ. ದಿನಾ ಎರಡು ಹೊತ್ತೂ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಪೆಟಗಿಗೆ ಹೋಗುತ್ತಿದ್ದ. ನಿಯಮದ ಪುಸ್ತಕದಲ್ಲಿ ಹಾಗೆಲ್ಲೂ ಇರಲಿಲ್ಲ. ಅನ್ನ ಕೊಡುವ ಜಾಗ, ಚಪ್ಪಲಿ ಮೆಟ್ಟಿಕೊಂಡು ನಿಲ್ಲಬಾರದು, ಅಷ್ಟೇ. ಏಪ್ರಿಲ್ ಮಧ್ಯಾಹ್ನದ ಕುಷ್ಟಗಿಯ ನೆಲ ಬಲ್ಲವರಿಗೆ ಅದು ಎಂಥ ನಡಿಗೆ ಎಂದು ಗೊತ್ತು.

ಇಷ್ಟು ನೆನೆಯುವಷ್ಟರಲ್ಲಿ ನನಗೆ ಅವ್ವ ಕಂಡಳು. ಅವ್ವ ತೀರಿಹೋಗಿ ಆರು ವರ್ಷವಾಗಿದೆ. ಬೇಸಿಗೆ, ಊಟದ ಹೊತ್ತು. ಅವ್ವ ತೊಟ್ಟಿಯಿಂದ ಕೊಡ ತುಂಬಿ ಸೊಂಟದ ಮೇಲೆ ಹೊತ್ತು ಬಂದು, ಬಾಗಿಲಿಂದ ಪೆಟಗಿಯವರೆಗಿನ ಹಾದಿಗೂ ಪೆಟಗಿಯ ಸುತ್ತಲೂ ನೀರು ಚೆಲ್ಲುತ್ತಾಳೆ. ಗಂಡನ ಕಾಲು ಸುಡಬಾರದೆಂದು. ಹಸಿರು ಇಳಕಲ್ ಸೀರೆಯ ಅಂಚು ಒದ್ದೆ. ಗಂಗಾವತಿಯ ಕಾಲುವೆ ನೀರಿನಲ್ಲಿ, ಭತ್ತದ ಗದ್ದೆಯ ಬದುವಿನ ಮೇಲೆ ಬೆಳೆದವಳಿಗೆ ನಮ್ಮ ಧೂಳು ಸೇರುತ್ತಿರಲಿಲ್ಲ. ಒದ್ದೆ ನೆಲದಲ್ಲಿ ಬಿಸಿಲಿನ ಒಂದು ಪಾಲು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಆ ಮಟ್ಟಿಗೆ ಮೇಲಿನ ಗಾಳಿ ಕಾಯುವುದಿಲ್ಲ, ಪೆಟಗಿಯೊಳಗಿನ ಪಾದರಸ ಒಂದೆರಡು ಗೆರೆ ಕೆಳಗೇ ನಿಲ್ಲುತ್ತದೆ. ಆಮೇಲೆ ಅವ್ವನ ಮೊಣಕಾಲು ಹೋದವು, ಕೊಡ ನಿಂತಿತು, ಅಂಕಿ ಹತ್ತಿತು. ಎಲ್ಲಾ ಹೊಂದಿತು. ಇಷ್ಟು ಚಂದ ಹೊಂದಿದಾಗಲೇ ನನಗೆ ಅನುಮಾನ ಬರಬೇಕಿತ್ತು. ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸುತ್ತೇನೆ.

ಅನುಮಾನ ಬರುವ ಬದಲು ಕಣ್ಣಲ್ಲಿ ನೀರು ಬಂತು. ಅಪ್ಪನ ಎದುರು ಕೂತು ಕೇಳಿದೆ.

“ಅಪ್ಪಾ, ಅವ್ವ ಪೆಟಗಿ ಸುತ್ತ ನೀರ ಹಾಕತಿದ್ಲಲ್ಲ?”

“ನಿಮ್ಮವ್ವ ಪೆಟಗಿ ಹತ್ರ ಒಂದಿನಾನೂ ಬಂದಿಲ್ಲ.”

“ನಾ ಕಣ್ಣಾರೆ ನೋಡೇನಿ.”

“ಬಂದಿಲ್ಲಬೇ. ಆಕಿ ಹಾಕಿಲ್ಲ.”

ಎರಡು ದಿನ ಇದೇ ನಡೆಯಿತು. ಮೂರನೇ ದಿನ ನಾನು ಅನ್ನಬಾರದ್ದು ಅಂದೆ. ನಿನ್ನ ಪುಸ್ತಕ ಸ್ವಚ್ಛ ಇರಬೇಕೆಂದು ಸತ್ತವಳನ್ನು ಅಳಿಸುತ್ತಿದ್ದೀ, ಬದುಕಿದ್ದಾಗಲೂ ಅಳಿಸಿಯೇ ಇಟ್ಟಿದ್ದಿ ಅಂದೆ. ಅಪ್ಪ ಸಿಟ್ಟಿಗೇಳಲಿಲ್ಲ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಳ್ಳಲಿಲ್ಲ.

ಪುಸ್ತಕಗಳ ಜೊತೆ ಕಳಿಸುವ ಹಾಳೆಯಲ್ಲಿ ಕೇಂದ್ರದ ಇತಿಹಾಸ ಎಂಬ ಒಂದು ಕಾಲಂ ಇದೆ. ಅದರಲ್ಲಿ ಬರೆದೆ: ‘ವೀಕ್ಷಕರ ಪತ್ನಿ ಬೇಸಿಗೆಯಲ್ಲಿ ಪೆಟ್ಟಿಗೆಯ ಸುತ್ತ ನೀರು ಹಾಕುತ್ತಿದ್ದರು, ಅನಾರೋಗ್ಯದಿಂದ ನಿಂತಿತು.’ ಬರೆಯುವಾಗ ಹೆಮ್ಮೆಯಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಯಾವ ಕಾಗದದಲ್ಲೂ ಇಲ್ಲದ ನನ್ನ ಅವ್ವನನ್ನು ಭೂಮಿಯ ಕಾವಿನ ಕಾಗದದಲ್ಲಿ ಕೂರಿಸುತ್ತಿದ್ದೇನೆ ಅನಿಸಿತ್ತು. ಕಳಿಸಿದೆ.

ವಾರದೊಳಗೆ ಫೋನು ಬಂತು. ಕೇಂದ್ರವನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದಳು ಮೇಡಂ. ಹನ್ನೆರಡನೇ ಪುಸ್ತಕದಿಂದ ಆಚೆಯದು ಸ್ವಚ್ಛವಾಗಿದೆಯಲ್ಲ ಎಂದು ಕೇಳಿದೆ. ಅವರ ನಿಯಮಕ್ಕೆ ಅಷ್ಟು ವರ್ಷ ಸಾಲದಂತೆ. ತಿದ್ದಿ ಉಳಿಸಿಕೊಳ್ಳಲು ಬರುವುದಿಲ್ಲವೇ ಎಂದೆ. ತಿದ್ದಬೇಕಾದರೆ ಯಾವ ಯಾವ ದಿನ ನೀರು ಬಿತ್ತು ಎಂದು ಗೊತ್ತಿರಬೇಕಂತೆ.

“ಬೇಜಾರ್ ಮಾಡ್ಕೋಬೇಡಿ ಮೇಡಂ,” ಎಂದಳು. “ಇದನ್ನ ಇಟ್ಟೂ ನೋಡಿದ್ವಿ, ತೆಗೆದೂ ನೋಡಿದ್ವಿ. ಉತ್ತರ ಅಲ್ಲಾಡೋದೇ ಇಲ್ಲ.”

ಇದು ಸಮಾಧಾನದ ಮಾತು, ನಿಜವಾದ ಮಾತು. ಕಾವು ಏರಿದ್ದು ಕೆಟ್ಟ ಥರ್ಮಾಮೀಟರಿನ ಕಥೆ ಎಂದು ಅಣಕಿಸುವವರಿಗೆ ನಾನು ತರಗತಿಯಲ್ಲಿ ಇದೇ ಮಾತು ಹೇಳುತ್ತ ಬಂದಿದ್ದೇನೆ: ಸಾವಿರಾರು ಕಡೆಯ ಬರಹದಲ್ಲಿ ಒಂದೆರಡು ಕೆಟ್ಟರೆ ಮೊತ್ತ ಕೆಡುವುದಿಲ್ಲ, ಅದೇ ಈ ಲೆಕ್ಕದ ಗಟ್ಟಿತನ. ಗಟ್ಟಿತನದ ಇನ್ನೊಂದು ಮುಖವನ್ನು ಯಾವತ್ತೂ ಹೇಳಿರಲಿಲ್ಲ. ನಮ್ಮಪ್ಪನ ಇಪ್ಪತ್ತೆಂಟು ವರ್ಷ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕೊನೆಯ ದಶಾಂಶವೂ ಕದಲಲಿಲ್ಲ.

ಅಪ್ಪನಿಗೆ ಹೇಳಲಿಲ್ಲ. ಹೇಳಲು ದಿನ ಹುಡುಕುತ್ತಿರುವಾಗ ಗಂಗಾವತಿಯಲ್ಲಿ ಅವ್ವನ ತಂಗಿಯ ಮನೆಯಲ್ಲಿ ಮೊಮ್ಮಗುವಿಗೆ ಹೆಸರಿಡುವ ಕಾರ್ಯ ಬಂತು, ಹೋದೆ. ಚಿಗವ್ವ ಹುಡುಗಿಯಾಗಿದ್ದಾಗ ಪ್ರತಿ ಬೇಸಿಗೆ ಬಂದು ನಮ್ಮ ಕ್ವಾಟರ್ಸಿನಲ್ಲಿ ಇರುತ್ತಿದ್ದಳು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಅಪ್ಪನ ಮೇಲಿನ ದೂರನ್ನು ಅವಳ ಮುಂದೆ ತೋಡಿಕೊಂಡೆ. ನೀರು, ಕೊಡ, ಸೀರೆಯ ಅಂಚು, ಎಲ್ಲಾ.

ಚಿಗವ್ವ ಕೇಳುತ್ತ ಕೇಳುತ್ತ ನಗತೊಡಗಿದಳು.

“ನಿಮ್ಮವ್ವ ಯಾವಾಗ ಹಾಕಿದ್ಲಬೇ? ನೀ ಹಾಕತಿದ್ದಿ. ಬಿಸಲಾಗ ಬ್ಯಾಡ ಅಂದ್ರ ಕೇಳಾಕಿ ಅಲ್ಲ ನೀ. ನೀರು ದಂಡ ಮಾಡತಾಳ ಅಂತ ನಿಮ್ಮವ್ವ ಕಟ್ಟಿಗಿ ತಗೊಂಡು ಬೆನ್ನ ಹತ್ತತಿದ್ಲು.”

“ಅವ್ವನ ಹಸರ ಇಳಕಲ್ ಸೀರಿ…”

“ಅದು ನಂದು. ನಿಮ್ಮವ್ವನ ಹತ್ರ ಹಸರ ಎಲ್ಲಿತ್ತು? ಬೈಸ್ಕೊಂಡದ್ದು ಮರತಿ, ನನ್ನ ಸೀರಿ ನೆನಪಿಟ್ಟಿ. ಛಲೋ ಐತಿ ನಿಂದು.”

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಚಿಗವ್ವನ ನೆನಪನ್ನೂ ಯಾಕೆ ನಂಬಬೇಕು ಅನಿಸಿತು. ಅವಳದೂ ನನ್ನದರಷ್ಟೇ ಚಂದ ಹೊಂದುತ್ತಿತ್ತು. ಕಟ್ಟಿಗೆ ಹಿಡಿದು ಬೆನ್ನು ಹತ್ತಿದ ಅಕ್ಕ, ನಗುವ ತಂಗಿ. ಎರಡು ನೆನಪು ಜಗಳವಾಡಿದರೆ ಮೂರನೇ ನೆನಪಿನಿಂದ ತೀರ್ಪು ಸಿಗುವುದಿಲ್ಲ. ನೆನಪಲ್ಲದ ಏನಾದರೂ ಬೇಕು.

ಪುಸ್ತಕಗಳಲ್ಲಿ ಅದು ಇತ್ತು. ನೀರು ಹಾಕಿದವಳು ಅವ್ವನಾದರೆ ಅವಳಿಗೆ ವಾರದ ಏಳೂ ದಿನ ಒಂದೇ. ನಾನಾದರೆ ಶಾಲೆ ಇದ್ದ ದಿನ ಮಧ್ಯಾಹ್ನ ನಾನು ಮನೆಯಲ್ಲಿ ಇರುವುದಿಲ್ಲ. ಬೇಸಿಗೆ ರಜೆ ಶುರುವಾಗುವ ಮುಂಚಿನ, ಬಿಸಿಲು ಏರುವ ತಿಂಗಳುಗಳ ರವಿವಾರಗಳನ್ನು ಬೇರೆ ತೆಗೆದು ಶಾಲೆ ಇದ್ದ ದಿನಗಳ ಜೊತೆ ಇಟ್ಟೆ. ಬಿಸಿಲಿಗೆ ರವಿವಾರ ಗೊತ್ತಿಲ್ಲ, ಮೋಡಕ್ಕೆ ಗೊತ್ತಿಲ್ಲ, ಇಂಗಾಲಕ್ಕೆ ಗೊತ್ತಿಲ್ಲ. ನಮ್ಮ ಪೆಟಗಿಗೆ ಗೊತ್ತಿತ್ತು. ಐದನೇ ಪುಸ್ತಕದಿಂದ ಹನ್ನೊಂದನೆಯದರವರೆಗೆ ರವಿವಾರಗಳು ಸೋಮವಾರ ಶುಕ್ರವಾರಗಳಿಗಿಂತ ತಂಪು. ಹನ್ನೆರಡರಿಂದ ವಾರದ ಎಲ್ಲ ದಿನವೂ ಒಂದೇ. ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ನನ್ನನ್ನು ಹಾಸ್ಟೆಲಿಗೆ ಹಾಕಿದ್ದರು, ರಜೆಯಲ್ಲೂ ನಾನು ಗಂಗಾವತಿಗೇ ಹೋಗುತ್ತಿದ್ದೆ. ಅವ್ವನ ಮೊಣಕಾಲು ಹೋದದ್ದು ಅದಾದ ಎಷ್ಟೋ ವರ್ಷಕ್ಕೆ.

ಅಪ್ಪ ಒಂದಿಷ್ಟು ಕಳ್ಳನಾಗಿದ್ದರೆ, ರವಿವಾರದ ಅಂಕಿಯನ್ನು ಸೋಮವಾರ ಅಂದಾಜಿನಲ್ಲಿ ತುಂಬಿದ್ದರೆ, ನಾನು ಸಿಕ್ಕಿಬೀಳುತ್ತಿರಲಿಲ್ಲ. ಅವನು ಕಂಡದ್ದನ್ನು ಕಂಡ ಹಾಗೆ ಬರೆದದ್ದರಿಂದಲೇ ಅವನ ಬರಹ ಕೆಟ್ಟದ್ದೆಂದು ಸಾಬೀತಾಯಿತು. ಹೊಗೆ ಬಿಸಿಲನ್ನು ತಡೆದು ಕಾವನ್ನು ಮುಚ್ಚಿಡುತ್ತದೆ, ಹೊಗೆ ಸರಿದ ಮೇಲೆ ಮುಚ್ಚಿದ್ದು ಒಮ್ಮೆಲೇ ಹೊರಬೀಳುತ್ತದೆ ಎಂದು ಪಾಠ ಮಾಡುವಾಗ ನನಗೆ ಈಗ ಬಾಯಿ ತಡೆಯುತ್ತದೆ. ಹನ್ನೆರಡನೇ ಪುಸ್ತಕದ ಆ ಮೆಟ್ಟಿಲು ನಾನು ಮನೆ ಬಿಟ್ಟ ಗುರುತು.

ಯಾಕೆ ಹಾಕುತ್ತಿದ್ದೆ? ಅಪ್ಪನ ಕಾಲು ಸುಡಬಾರದೆಂದು ಎಂದು ಬರೆದರೆ ಈ ಪುಟಕ್ಕೆ ಕಳೆ ಬರುತ್ತದೆ. ಅವ್ವನ ತಲೆಗೆ ಆ ಕಾರಣವನ್ನು ಕಟ್ಟಿದವಳು ನಾನೇ ಆದ್ದರಿಂದ ಅದು ನನ್ನದೇ ಇರಬಹುದು. ನೀರಾಟಕ್ಕೆ ಬೇರೆ ನೆಪ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ಇರಬಹುದು.

ಮೇಡಂಗೆ ಪತ್ರ ಬರೆದೆ. ನೀರು ಹಾಕಿದ್ದು ಪತ್ನಿ ಅಲ್ಲ, ಮಗಳು, ಕಾಲಂ ತಿದ್ದಿಕೊಡಿ. ಎರಡು ಸಾಲಿನ ಉತ್ತರ ಬಂತು. ಕೇಂದ್ರವೇ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಅದರ ಹಾಳೆಯನ್ನು ಮುಚ್ಚಲಾಗಿದೆ, ಮತ್ತೆ ತೆರೆಯಲು ಬರುವುದಿಲ್ಲ. ಯಾರು ಹಾಕಿದರೂ ಪರಿಣಾಮ ಒಂದೇ ಅಲ್ಲವೇ ಎಂದೂ ಇತ್ತು. ಒಂದೇ. ಆಕೆಯ ಮೇಲೆ ನನಗೆ ದೂರಿಲ್ಲ. ತನ್ನದಲ್ಲದ ತಪ್ಪನ್ನು ಹೊತ್ತುಕೊಂಡು ನನ್ನ ಅವ್ವ ಆ ಮುಚ್ಚಿದ ಹಾಳೆಯಲ್ಲಿ ಇದ್ದಾಳೆ, ಅವಳನ್ನು ಅಲ್ಲಿ ಕೂರಿಸಿದ್ದು ನಾನು.

ಮರುದಿನ ಬೆಳಿಗ್ಗೆ, ಚಹಾ ಕುಡಿಯುವ ಹೊತ್ತಿಗೆ, ಅಪ್ಪನಿಗೆ ಹೇಳಿದೆ. ಪುಸ್ತಕ ಸೇರಲಿಲ್ಲ ಎಂದೆ.

“ಎಷ್ಟು?”

“ಎಲ್ಲಾ.”

ಚಹಾದ ಕಪ್ಪನ್ನು ಕೆಳಗಿಟ್ಟ. ಆಮೇಲೆ ರವಿವಾರದ ಪಟ್ಟಿ ತೋರಿಸಿದೆ. ಬೆರಳಿಟ್ಟು ಒಂದೊಂದೇ ಸಾಲು ಇಳಿದ, ಎಲ್ಲೂ ಅವಸರ ಮಾಡಲಿಲ್ಲ. ತಾನು ಬರೆದ ಅಂಕಿ ಹೀಗೂ ಓದಲು ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೊನೆಯ ಸಾಲಿಗೆ ಬಂದು, ಖರೆ ಐತಿ, ಅಂದ. ನನಗೆ ಆಗ ಹೊಳೆಯಿತು: ಬರಿಗಾಲಲ್ಲಿ ಹೋಗುವವನಿಗೆ ನೆಲ ಒದ್ದೆ ಇದ್ದದ್ದು ತಿಳಿಯದೆ ಇರುತ್ತದೆಯೇ?

“ನಿನಗ ಗೊತ್ತಿತ್ತು,” ಅಂದೆ.

“ಗೊತ್ತಿತ್ತು. ಕಾಲಿಗೆ ಹಿತ ಇತ್ತು. ಸುಮ್ನಾದೆ.”

“ಮತ್ತ ನಾ ಕೇಳಿದಾಗ ಹೇಳಲಿಲ್ಲ?”

“ನೀ ಅವ್ವ ಹಾಕತಿದ್ಲೇನು ಅಂತ ಕೇಳಿದಿ. ಇಲ್ಲ ಅಂದೆ. ಯಾರ ಹಾಕತಿದ್ರು ಅಂತ ನೀ ಕೇಳಲಿಲ್ಲ.”

ಸುಳ್ಳು ಹೇಳಿರಲಿಲ್ಲ. ನನ್ನನ್ನು ಉಳಿಸಲು ಸುಮ್ಮನಿದ್ದನೋ, ಪುಸ್ತಕವನ್ನು ಉಳಿಸಲು ಸುಮ್ಮನಿದ್ದನೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವನೇ ಕೇಳಿದ, ಕಳಿಸಿದ ಕಾಗದದಲ್ಲಿ ಯಾರ ಕೆಲಸವೆಂದು ಬರೆದಿ ಎಂದು. ಅವ್ವನದು ಎಂದೆ. ತೆಗೆಸು ಅಂದ. ತೆಗೆಯಲು ಬರುವುದಿಲ್ಲ, ಮುಚ್ಚಿದ್ದಾರೆ ಎಂದೆ. ಅಪ್ಪನ ಮುಖ ಆಗ ಕಪ್ಪಿಟ್ಟಿತು. ಇಪ್ಪತ್ತೆಂಟು ಪುಸ್ತಕ ಹೋದವು ಎಂದಾಗ ಆಗದ ಹಾಗೆ.

ಎದ್ದು ಹೋಗಿ ಐದನೇ ಪುಸ್ತಕ ತಂದ. ಪ್ರತಿ ಪುಸ್ತಕದ ಕೊನೆಗೆ ಷರಾ ಎಂದು ಗೆರೆ ಹಾಕಿದ ಒಂದು ಪುಟವಿದೆ. ಗಾಳಿ ಬಿರುಸಾದದ್ದು, ಆಲಿಕಲ್ಲು ಬಿದ್ದದ್ದು, ಪೆಟಗಿಗೆ ಬಣ್ಣ ಹೊಡೆದದ್ದು ಬರೆಯುವ ಜಾಗ. ಅದನ್ನು ತೆರೆದು ಬರೆದ: ‘ನೆಲ ಒದ್ದೆ ಇರುತ್ತಿತ್ತು. ವೀಕ್ಷಕನಿಗೆ ಗೊತ್ತಿತ್ತು.’ ಸಹಿ ಹಾಕಿದ, ಆ ದಿನದ ತಾರೀಖು ಹಾಕಿದ. ಪೆನ್ನನ್ನು ನನ್ನ ಕಡೆ ಚಾಚಿದ.

“ನಿಂದು ನೀ ಬರಿ.”

ಇನ್ನು ಯಾರೂ ಬಿಡಿಸದ ಪುಸ್ತಕ. ಇದನ್ನು ಓದಿ ಯಾವ ಲೆಕ್ಕವೂ ಸರಿಯಾಗುವುದಿಲ್ಲ, ಯಾವ ಹಾಳೆಯಿಂದಲೂ ಅವ್ವ ಹೊರಗೆ ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ರವಿವಾರಗಳು ಹೇಳಿದಷ್ಟನ್ನೇ ಬರೆದೆ: ಮಗಳು, ಈ ಪುಸ್ತಕದಿಂದ ಹನ್ನೊಂದನೆಯದರವರೆಗೆ, ಶಾಲೆ ಇಲ್ಲದ ದಿನಗಳಲ್ಲಿ, ಮಧ್ಯಾಹ್ನದ ಓದುವಿಕೆಗೆ ಮುಂಚೆ. ಷರಾ ಪುಟದ ಕೊನೆಗಿದ್ದ ‘ಕಾರಣ’ ಎಂಬ ಕಾಲಮನ್ನು ಖಾಲಿ ಬಿಟ್ಟು ಪೆನ್ನು ಮುಚ್ಚಿದೆ.

ಅಪ್ಪ ಬಗ್ಗಿ ನೋಡಿದ.

“ಕಾರಣ?”

“ಗೊತ್ತಿಲ್ಲಪ್ಪಾ.”

“ಗೊತ್ತಿಲ್ಲ ಅಂತ ಬರಿ,” ಅಂದ. “ಖಾಲಿ ಬಿಡಬಾರದು.”

ಬರೆದೆ.